ಬಾಯಮ್ಮನ ನೆಫ್ಯೂ

ಭಾನುವಾರ ಪೇಂಟಿಂಗ್‌ನವರು ಬರುತ್ತಾರೆಂದು ಕಪಾಟು ಖಾಲಿ ಮಾಡುತ್ತಿದ್ದೆವು. ಹಳೇ ಕರೆಂಟ್ ಬಿಲ್ಲುಗಳ ಅಡಿಯಿಂದ ಒಂದು ಆಕ್ಸಿಮೀಟರ್ ಹೊರಬಂತು, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಡಬ್ಬಿ. ಹಿಂದೆ ಬಿಳಿ ಸ್ಟಿಕ್ಕರ್, ಅದರ ಮೇಲೆ ಬಾಲ್‌ಪೆನ್ನಿನಲ್ಲಿ 17. ಸೆಲ್ ಸೋರಿ ಒಳಗೆಲ್ಲ ಹಸಿರು ಪುಡಿ ಕಟ್ಟಿತ್ತು.

"ಇದು ಚರ್ಚಿನದ್ದಲ್ವಾ? ವಾಪಸ್ ಕೊಟ್ಟೇ ಇಲ್ವಾ ನೀವು?" ಎಂದಳು ಹೆಂಡತಿ. "ನೀವು" ಅನ್ನೋದನ್ನು ಒತ್ತಿ. ಇಬ್ಬರೂ ಸೇರಿ ಮರೆತದ್ದು ನನ್ನೊಬ್ಬನ ತಲೆಗೆ ಬಂತು.

ಸೋಮವಾರ ಮೆಡಿಕಲ್‌ನಲ್ಲಿ ಹೊಸದೊಂದು ತೆಗೆದುಕೊಂಡು, ಹಳೆಯದನ್ನೂ ಜೇಬಿಗೆ ಹಾಕಿಕೊಂಡು ಚರ್ಚಿನ ಆಫೀಸಿಗೆ ಹೋದೆ. ಮುಂಬೈಯ ಮಲಾಡಿಗೆ ಬಂದು ಇಪ್ಪತ್ತು ವರ್ಷವಾದರೂ ಆ ಗೇಟಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಟೇಬಲ್ಲಿನ ಹಿಂದೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಹೆಸರು ಕೇಳಿದರು, ಶೆಟ್ಟಿ ಎಂದೆ. ಉದ್ದನೆಯ ರಿಜಿಸ್ಟರ್ ತೆಗೆದು 17ನ್ನು ಹುಡುಕಿದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನೇ ನೋಡಿ ಕೇಳಿದರು:

"ಆಪ್ ಉನ್ಕೇ ನೆಫ್ಯೂ ಹೈ ನಾ?"

ನನ್ನ ಹಣೆಯಲ್ಲಿ ಬೆಳಗಿನ ಗಂಧ ಇನ್ನೂ ಇತ್ತು.

"ಹಾಂ ಜೀ" ಎಂದುಬಿಟ್ಟೆ.

ಅವರು ಕೇಳಿದ್ದು ನಮ್ಮ ಮೇಲಿನ ಮಹಡಿಯ ಬಾಯಮ್ಮನ ವಿಷಯ. ಉಡುಪಿ ಕಡೆಯ ಕ್ಯಾಥೊಲಿಕ್ಕರು. ನಮ್ಮ ಮಾತೆಲ್ಲ ತುಳುವಿನಲ್ಲೇ. ಅವರ ಪ್ರಾರ್ಥನೆ ಪುಸ್ತಕದ ಭಾಷೆ ಕೊಂಕಣಿ, ಅಕ್ಷರ ಮಾತ್ರ ಕನ್ನಡ. ಹಾಗಾಗಿ ನಾನೂ ಓದಬಲ್ಲೆ, ಅರ್ಥ ಆಗುವುದಿಲ್ಲ ಅಷ್ಟೆ. ಜಗಳಗಂಟಿ ಹೆಂಗಸು. ನೀರಿನ ಟ್ಯಾಂಕಿಯ ವಿಷಯಕ್ಕೆ ನಮ್ಮಿಬ್ಬರಿಗೆ ಆರು ತಿಂಗಳು ಮಾತಿರಲಿಲ್ಲ. 2021ರ ಏಪ್ರಿಲ್‌ನಲ್ಲಿ ಕೊರೋನಾ ಬಂದು ನಾನೂ ಹೆಂಡತಿಯೂ ಒಟ್ಟಿಗೆ ಹಾಸಿಗೆ ಹಿಡಿದಾಗಲೂ ಆ ಮುನಿಸು ಪೂರ್ತಿ ಹೋಗಿರಲಿಲ್ಲ.

ಆದರೂ ಮೂರನೇ ದಿನ ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಈ 17ನೇ ನಂಬರಿನ ಡಬ್ಬಿ ಬಂದು ಕೂತಿತ್ತು. ಜೊತೆಗೆ ಸ್ಟೀಲ್ ಡಬ್ಬಿಯಲ್ಲಿ ಗಂಜಿ, ಮಿಡಿ ಉಪ್ಪಿನಕಾಯಿ. ಅಂಗಡಿಗಳಲ್ಲಿ ಆಕ್ಸಿಮೀಟರ್ ಸಿಗುತ್ತಲೇ ಇರಲಿಲ್ಲ ಆಗ. ಸಿಕ್ಕರೂ ಹೇಳಿದ್ದೇ ರೇಟು.

ಏಪ್ರಿಲ್ ಐದಕ್ಕೆ ದೇವಸ್ಥಾನ, ಮಸೀದಿ, ಚರ್ಚು ಎಲ್ಲದಕ್ಕೂ ಬೀಗ ಬಿದ್ದಿತ್ತು. ಮತ್ತೆ ತೆರೆದದ್ದು ಅಕ್ಟೋಬರ್ ಏಳಕ್ಕೆ, ನವರಾತ್ರಿಯ ಮೊದಲ ದಿನ. ಬಾಯಮ್ಮ ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ ಚರ್ಚಿನ ಪೂಜೆ ನೋಡುತ್ತಿದ್ದರು. ಸಂಜೆ ಜೋರಾಗಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಿದ್ದರು. ಛಾವಣಿ ದಾಟಿ ನಮಗೂ ಕೇಳುತ್ತಿತ್ತು. ಜ್ವರದಲ್ಲಿ ಹೆಂಡತಿಗೆ ಅದು ಕೇಳಿದರೇ ನಿದ್ದೆ.

ಬಾಗಿಲು ಮುಚ್ಚಿದ್ದರೂ ಚರ್ಚಿನ ಹುಡುಗರ ಫೋನು ಮುಚ್ಚಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಒಬ್ಬ ಫೋನ್ ಮಾಡುತ್ತಿದ್ದ. ಕಾಲೇಜು ಹುಡುಗನ ದನಿ. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ. "ಅಂಕಲ್, ಕಿತ್ನಾ?" ನಾನು ತೊಂಬತ್ತಾರು, ತೊಂಬತ್ತೈದು ಎನ್ನುವುದು, ಅವನು ಬರೆದುಕೊಳ್ಳುವುದು. ತೊಂಬತ್ನಾಲ್ಕರ ಕೆಳಗೆ ಹೋದರೆ ಅರ್ಧ ರಾತ್ರಿಯಾದರೂ ಫೋನ್ ಮಾಡಿ ಎಂದಿದ್ದ.

ಏಳನೇ ದಿನ ಹೆಂಡತಿಯದು 91ಕ್ಕೆ ಬಂತು. ಬೆರಳು ಬದಲಾಯಿಸಿದೆ, ಉಜ್ಜಿ ಬಿಸಿ ಮಾಡಿದೆ. 91ಏ. ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಅವರ ಚರ್ಚಿನವರೇ ಆದ ರಿಟೈರ್ಡ್ ಡಾಕ್ಟರ್ ಒಬ್ಬರು ಲೈನಿಗೆ ಬಂದರು. "ಬೋರಲು ಮಲಗಿಸಿ, ಎದೆಯ ಕೆಳಗೆ ದಿಂಬು ಇಡಿ" ಎಂದರು. ಆ ಕಡೆ ಹುಡುಗ ಪಾಲಿಕೆಯವರು ಆಸ್ಪತ್ರೆಯ ಬೆಡ್ ಹಂಚುತ್ತಿದ್ದ ವಾರ್ಡಿನ ವಾರ್ ರೂಮಿಗೆ ಬೆಡ್ ಕೇಳಿ ನಂಬರು ಒತ್ತುತ್ತಿದ್ದ. ಒಂದು ಗಂಟೆಯಲ್ಲಿ 94. ಬೆಡ್ ಬೇಕಾಗಲಿಲ್ಲ.

ಇದೆಲ್ಲ ನೆಫ್ಯೂಗೆ ಸಿಕ್ಕಿದ್ದು, ನನಗಲ್ಲ. ಮೊದಲು ಸ್ವಲ್ಪ ಚುರುಕ್ ಎಂದಿತು. ನೆಂಟ ಅಂತ ಬರೆಸದಿದ್ದರೆ ಕೊಡುತ್ತಿರಲಿಲ್ಲವಾ? ಇರಬಹುದು. ರಿಜಿಸ್ಟರಿನಲ್ಲಿ ಇದ್ದದ್ದೇ ನಂಬರ್ 25ರವರೆಗೆ. ಅಷ್ಟೇ ಇದ್ದಾಗ ಮೊದಲು ತಮ್ಮವರಿಗೆ ಎಂದರೆ ತಪ್ಪು ಅಂತ ಹೇಗೆ ಹೇಳಲಿ? ನಮ್ಮ ಸಂಘದವರೂ ಕಿಟ್ ಕೊಟ್ಟಿದ್ದರು, ಮೆಂಬರ್‌ಶಿಪ್ ನಂಬರು ಕೇಳಿಯೇ. ಅಕ್ಕಿ ಚೀಲದ ಮೇಲೆ ಅಧ್ಯಕ್ಷರ ಫೋಟೋ, ಶಾಲು ಹೊದ್ದದ್ದು. ನಗಬೇಡಿ, ಬ್ಯಾನರಿನ ಹಿಂದೆ ನಿಂತವರಲ್ಲಿ ನಾನೂ ಇದ್ದೆ.

ಆ ರಿಜಿಸ್ಟರಿನಲ್ಲಿ ಫೋಟೋ ಇರಲಿಲ್ಲ. ತಾರೀಕು, ಹೆಸರು, ಫ್ಲಾಟು, ಸಂಬಂಧ, ವಾಪಸ್. ಕೊನೆಯ ಕಾಲಮ್ಮಿನಲ್ಲಿ ಕೆಲವು ಕಡೆ ತಾರೀಕಿನ ಪಕ್ಕ ಕೆಂಪು ಪೆನ್ನಿನಲ್ಲಿ ಪುಟ್ಟ ಶಿಲುಬೆ. ಡಬ್ಬಿ ಬಂದಿದೆ, ಮನುಷ್ಯ ಬಂದಿಲ್ಲ. ಪುಟ ತಿರುವುವಾಗ ಆ ಹೆಂಗಸಿನ ಅಂಗೈ ಆ ಕಾಲಮ್ಮನ್ನು ಮುಚ್ಚಿಕೊಂಡೇ ಹೋಗುತ್ತಿತ್ತು. ಬೇಕೆಂದೇ ಮುಚ್ಚಿದರೋ, ಅದೇ ಅಭ್ಯಾಸವಾಗಿದೆಯೋ. 17ರ ಸಾಲಿನಲ್ಲಿ ಆ ಜಾಗ ಖಾಲಿ. ಇಷ್ಟು ವರ್ಷ ನಾವು ಬದುಕಿದ್ದೇವೋ ಇಲ್ಲವೋ ಎಂಬುದಕ್ಕೂ ಅಲ್ಲಿ ಗುರುತಿರಲಿಲ್ಲ. ಸೋಮವಾರದ ತಾರೀಕು ಹಾಕಿ ಸಹಿ ಮಾಡಿಸಿಕೊಂಡರು.

ಮಾರನೇ ದಿನ ಆಫೀಸಿಗೆ ಹೋಗುವಾಗ ಧೋಬಿ ತಲಾವ್‌ನಲ್ಲಿ ನಿಂತೆ. ಮೆಟ್ರೋ ಸಿನಿಮಾದ ಎದುರು ಒಂದು ಪ್ರತಿಮೆ ಇದೆ. ದಿನಾ ಅದರ ಪಕ್ಕದಲ್ಲೇ ಓಡುವವನು ನಾನು, ಯಾರದೆಂದು ಓದಿದ್ದು ಈಗ. ಅಕಾಸಿಯೋ ವಿಯೇಗಾಸ್, ಗೋವಾದ ಡಾಕ್ಟರ್. 1896ರಲ್ಲಿ ಇಲ್ಲಿಯದೇ ಮಾಂಡ್ವಿಯಲ್ಲಿ ಜನ ಸಾಯುತ್ತಿರುವುದು ಪ್ಲೇಗಿನಿಂದ ಎಂದು ಗುರುತಿಸಿದವರು. ಗಿರ್ಗಾಂವ್, ಬಾಂದ್ರಾದ ಗಲ್ಲಿಗಳಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿರುವ ಶಿಲುಬೆಗಳಲ್ಲಿ ಎಷ್ಟೋ ಆ ಪ್ಲೇಗಿನಲ್ಲಿ ನೆಟ್ಟದ್ದಂತೆ. ಆಗಲೂ ಯಾರಾದರೂ ಮನೆಮನೆಯ ಬಾಗಿಲಲ್ಲಿ ನಿಂತು "ಒಳಗೆ ಎಷ್ಟು ಜನ?" ಎಂದು ಕೂಗಿರಬೇಕು. ಪಕ್ಕದ ಮನೆಯವರನ್ನು ನೆಂಟರೆಂದು ಬರೆಸಿದವರೂ ಇದ್ದಿರಬೇಕು.

ಸಂಜೆ ಬಾಯಮ್ಮನ ಬಾಗಿಲು ತಟ್ಟಿದೆ.

"ನನ್ನನ್ನು ನೆಫ್ಯೂ ಅಂತ ಬರೆಸಿದ್ರಂತೆ?"

"ಮತ್ತೆ? ಟ್ಯಾಂಕಿ ಜಗಳದ ಶೆಟ್ರು ಅಂತ ಬರೆಸ್ಬೇಕಿತ್ತಾ?"

"ಆಯ್ತು ಬಿಡಿ. ಡಬ್ಬಿ ವಾಪಸ್ ಕೊಟ್ಟು ಬಂದೆ."

ಬಾಯಮ್ಮ ಬಾಗಿಲನ್ನು ಇನ್ನಷ್ಟು ತೆರೆದರು.

"ಐನೂರು ರೂಪಾಯಿ ಡೆಪಾಸಿಟ್ ಕಟ್ಟಿದ್ದೆ ಶೆಟ್ರೇ. ಕೇಳಿದ್ರಾ?"