ಮನೆಗೇ ಬಂದು ಕರೆದರಾ?

ನಮ್ಮ ದೊಡ್ಡಮ್ಮನಿಗೆ ಮದುವೆ ಕಾಗದ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಲೆಕ್ಕಕ್ಕಿಲ್ಲ. ಮನೆಗೇ ಬಂದು, ಕುಂಕುಮ ಕೊಟ್ಟು ಕರೆಯಬೇಕು. ಅಮೆರಿಕದ ಹಲವು ಲಾ ಸ್ಕೂಲುಗಳೂ ಹಾಗೇ, ನಿಮ್ಮಲ್ಲಿಗೇ ಬರಬೇಕು ಅಂತ ಮನಸಾರೆ ಹೇಳಿದರೇ ಲೆಕ್ಕ ಅಂತ ನನಗೆ ಶಿಕಾಗೋಗೆ ಬಂದ ಮೇಲೆ ಗೊತ್ತಾಯಿತು.

ನಾನು ಎಂಜಿನಿಯರಿಂಗ್ ಸೇರಿದ್ದು ಸಿಇಟಿ ರ‍್ಯಾಂಕಿನ ಮೇಲೆ. ಕಾಲೇಜು ನನಗೆ ಇಷ್ಟವಾ ಅಂತ ಯಾರೂ ಕೇಳಲಿಲ್ಲ. ಕ್ಲಾಟ್ ಬರೆದು ನಾಗರಬಾವಿಯ ಲಾ ಸ್ಕೂಲಿಗೆ ಹೋಗುವವರನ್ನೂ ಕೇಳುವುದಿಲ್ಲ. ಇಲ್ಲಿ ಕಾನೂನು ಓದುವುದು ಬೇರೊಂದು ಡಿಗ್ರಿ ಮುಗಿದ ಮೇಲೆ, ಮೂರು ವರ್ಷದ ಜೆ.ಡಿ. ಪದವಿ. ಎಲ್‌ಸ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯಲ್ಲಿ 120ರಿಂದ 180ರವರೆಗೆ ಅಂಕ. ಅದೇ ಮುಖ್ಯ, ಸುಳ್ಳಲ್ಲ. ಆದರೆ ಸೀಟು ಕೊಟ್ಟವರಲ್ಲಿ ಎಷ್ಟು ಜನ ನಿಜಕ್ಕೂ ಬಂದು ಸೇರುತ್ತಾರೆ ಅನ್ನುವ ಚಿಂತೆ ಕಾಲೇಜಿಗೂ ಇರುತ್ತದೆ. ಹಾಗಾಗಿ ಹಲವು ಕಡೆ 'ನಮ್ಮ ಕಾಲೇಜೇ ಯಾಕೆ' ಅಂತ ಒಂದು ಪ್ರಬಂಧ ಬರೆಸುತ್ತಾರೆ.

ನಾನು ಮೊದಲು ಬರೆದದ್ದು ಸುಮ್ನೆ ಹೊಗಳಿಕೆ: ಒಳ್ಳೆಯ ಮೇಷ್ಟ್ರು, ದೊಡ್ಡ ಲೈಬ್ರರಿ. ಗೆಳತಿ ಓದಿ, ಕಾಲೇಜಿನ ಹೆಸರು ಅಳಿಸಿ ಇನ್ನೊಂದರ ಹೆಸರು ಹಾಕಿದಳು. ಒಂದಕ್ಷರ ಬದಲಾಗಬೇಕಿರಲಿಲ್ಲ! ಹರಿದು ಹಾಕಿದೆ. ಒಂದು ದಿನ ರಜೆ ಹಾಕಿ, ಅರ್ಜಿ ಹಾಕುತ್ತಿದ್ದ ಆ ಕಾಲೇಜಿಗೇ ಹೋಗಿ ಅಲ್ಲಿನ ಒಂದು ಕ್ಲಾಸಿನಲ್ಲಿ ಕೂತು ಬಂದೆ. ಅಲ್ಲಿ ವಿದ್ಯಾರ್ಥಿಗಳೇ ಮೇಷ್ಟ್ರ ಕಣ್ಗಾವಲಿನಲ್ಲಿ ಬಾಡಿಗೆದಾರರ ಕೇಸು ನಡೆಸುವ ಕ್ಲಿನಿಕ್ ಇದೆ. ನಮ್ಮ ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡದೆ ಸತಾಯಿಸಿದಾಗಲೇ ನನಗೆ ಕಾನೂನಿನ ಹುಚ್ಚು ಹತ್ತಿದ್ದು. ಅದನ್ನೇ ಬರೆದೆ.

'ಅರ್ಲಿ ಡಿಸಿಷನ್' ಅಂತ ಇನ್ನೊಂದು ದಾರಿಯಿದೆ. ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಉಳಿದ ಅರ್ಜಿಗಳನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಮೊದಲೇ ಮಾತು ಕೊಡುವುದು. ಆಮೇಲೆ ಸ್ಕಾಲರ್‌ಷಿಪ್‌ಗೆ ಚೌಕಾಸಿ ಮಾಡುವುದು ಕಷ್ಟ. ನಾನು ಆ ತಂಟೆಗೆ ಹೋಗಲಿಲ್ಲ.

ಮಾರ್ಚ್‌ನಲ್ಲಿ ಉತ್ತರ ಬಂತು: ವೇಯ್ಟ್‌ಲಿಸ್ಟ್. ನಮ್ಮ ರೈಲಿನದಾದರೆ ಕಾಯುತ್ತಾ ಕೂರುವುದು, ಅಲ್ವಾ? ಇಲ್ಲಿ ಪತ್ರ ಬರೆಯಬೇಕು. ಒಂದೇ ಪುಟ: ಅರ್ಜಿ ಹಾಕಿದ ಮೇಲೆ ಏನು ಮಾಡಿದೆ, ಈಗಲೂ ಯಾಕೆ ಬರಲು ಮನಸ್ಸಿದೆ. ವಾರಕ್ಕೊಂದು ಇಮೇಲ್ ಕಳಿಸಿ ಪ್ರಾಣ ತಿನ್ನಬಾರದು. ನಾನು ಏಪ್ರಿಲ್‌ನಲ್ಲಿ ಒಂದು, ಮೇ ಕೊನೆಗೆ ಇನ್ನೊಂದು ಬರೆದೆ.

ಜೂನ್‌ನಲ್ಲಿ ಫೋನ್ ಬಂತು. ಅಷ್ಟರಲ್ಲಿ ಇನ್ನೊಂದು ಕಾಲೇಜಿಗೆ ಕಟ್ಟಿದ್ದ 500 ಡಾಲರ್ ಡಿಪಾಸಿಟ್ ನೀರಿಗೆ ಹೋಯಿತು. ಅಮ್ಮನಿಗೆ ಸೀಟು ಸಿಕ್ಕ ಖುಷಿಗಿಂತ ಆ ದುಡ್ಡಿನ ಸಂಕಟವೇ ಜಾಸ್ತಿ. 'ಒಂದು ಪತ್ರ ಬರೆದು ಕೇಳಿ ನೋಡೇ' ಅನ್ನುತ್ತಿದ್ದಾಳೆ.