ವಿಧಾನಸೌಧದ ಪೂರ್ವ ಮುಖ: ಅಧ್ಯಯನದ ನಾಲ್ಕನೆಯ ತಿಂಗಳು

ವಿಧಾನಸೌಧದ ಪೂರ್ವ ಮುಖವನ್ನು ಅಳತೆಗೆ ತಕ್ಕಂತೆ ಕಾಗದದ ಮೇಲೆ ಬರೆಯಬೇಕು, ಆ ಕಟ್ಟಡ ಎಬ್ಬಿಸಿದ ವಿವಾದದ ಚರಿತ್ರೆಯನ್ನು ಅದರ ಜೊತೆಗಿಡಬೇಕು ಎಂದು ಕೈಗೆತ್ತಿಕೊಂಡ ಕೆಲಸದ ಈ ತಿಂಗಳ ಟಿಪ್ಪಣಿಯನ್ನು ಒಂದು ತಿದ್ದುಪಡಿಯಿಂದಲೇ ಆರಂಭಿಸಬೇಕಾಗಿದೆ. ನಡುಗುಮ್ಮಟದ ಅಡ್ಡಳತೆ ಐವತ್ತು ಅಡಿಯ ಆಸುಪಾಸು ಎಂದು ಕಳೆದ ಬಾರಿ ಬರೆದಿದ್ದೆ. ಅದು ತಪ್ಪು, ಸರಿಯಾದ ಅಳತೆ 60 ಅಡಿ.

ತಪ್ಪು ಹೇಗಾಯಿತೆಂಬುದನ್ನು ವಿವರವಾಗಿ ಹೇಳುವುದು ಒಳ್ಳೆಯದು, ಏಕೆಂದರೆ ಅದರಿಂದಲೇ ಕಟ್ಟಡದ ಒಂದು ಗುಣ ನನಗೆ ತಿಳಿಯಿತು. ಅಂಬೇಡ್ಕರ್ ವೀಧಿಯ ಆಚೆ ಬದಿಯಲ್ಲಿ, ಉಚ್ಚ ನ್ಯಾಯಾಲಯದ ಕಡೆ ನಿಂತು ತೆಗೆದ ಛಾಯಾಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಮುಖಮಂಟಪದ ಹನ್ನೆರಡು ಕಂಬಗಳ ಎತ್ತರ 40 ಅಡಿ ಎಂಬ ದಾಖಲಾದ ಅಳತೆಯನ್ನೇ ಆಧಾರವಾಗಿಟ್ಟುಕೊಂಡು ಉಳಿದ ಭಾಗಗಳನ್ನು ಸ್ಕೇಲಿನಲ್ಲಿ ಅಳೆದಿದ್ದೆ. ಕಂಬಗಳ ಸಾಲು ಮುಂದಿದೆ, ಗುಮ್ಮಟ ಬಹಳ ಹಿಂದಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹತ್ತಿರದ ವಸ್ತುವಿನ ಅಳತೆಯನ್ನು ದೂರದ ವಸ್ತುವಿಗೆ ಹಚ್ಚಿದರೆ ದೂರದ್ದು ಕುಗ್ಗಿಯೇ ಕುಗ್ಗುತ್ತದೆ. ಮರುವಾರ ಮತ್ತೆ ಹೋಗಿ, ಆಚೆ ಬದಿಯಿಂದ ಈಚೆಯ ಬೇಲಿಯವರೆಗೆ ನಿಧಾನವಾಗಿ ನಡೆದು ನೋಡಿದೆ. ದೂರದಲ್ಲಿ ಗುಮ್ಮಟವೇ ಕಣ್ಣು ತುಂಬುತ್ತದೆ. ಹತ್ತಿರವಾದಷ್ಟೂ ಅದು ಹಿಂದೆ ಸರಿದು ತಗ್ಗುತ್ತಾ ಬರುತ್ತದೆ, 200 ಅಡಿಗೂ ಮಿಕ್ಕಿ ಅಗಲವಿರುವ ಮೆಟ್ಟಿಲುಗಳು ಮತ್ತು ಅವುಗಳ ಮೇಲಿನ ಕಂಬಗಳು ಮುಂದೆ ಬರುತ್ತವೆ. ದೂರದವರಿಗೆ ಒಂದು ಮುಖ, ಮೆಟ್ಟಿಲ ಬುಡಕ್ಕೆ ಬಂದವರಿಗೆ ಇನ್ನೊಂದು ಮುಖ ತೋರುವಂತೆ ಇದನ್ನು ಯೋಚಿಸಿ ಕಟ್ಟಿದ್ದಾರೆಂದೇ ನಾನು ಈಗ ನಂಬುತ್ತೇನೆ.

ಇನ್ನು ಚರಿತ್ರೆಯ ಭಾಗ. ಕಟ್ಟಡಕ್ಕೆ ಜವಾಹರಲಾಲ್ ನೆಹರೂ ಅಡಿಗಲ್ಲು ಇಟ್ಟದ್ದು 1951ರ ಜುಲೈ 13ರಂದು, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದಾಗ. ಆಗಿನ ಅಂದಾಜು ಸುಮಾರು 33 ಲಕ್ಷ ರೂಪಾಯಿ. 1952ರಲ್ಲಿ ಕೆಂಗಲ್ ಹನುಮಂತಯ್ಯನವರು ಅಧಿಕಾರಕ್ಕೆ ಬಂದ ಮೇಲೆ ನಕ್ಷೆ ಬದಲಾಯಿತು, ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಕಂ ಅವರ ಉಸ್ತುವಾರಿಯಲ್ಲಿ ಅದು ಇಂದು ನಾವು ಕಾಣುವ 700 ಅಡಿ ಉದ್ದ, 350 ಅಡಿ ಅಗಲದ ಕಲ್ಲಿನ ಸೌಧವಾಗಿ ಬೆಳೆಯಿತು. 1956ರಲ್ಲಿ ಮುಗಿಯುವ ಹೊತ್ತಿಗೆ ಖರ್ಚು ಒಂದೂಮುಕ್ಕಾಲು ಕೋಟಿ ದಾಟಿತ್ತು, ಅಂದರೆ ಮೊದಲ ಅಂದಾಜಿನ ಐದು ಪಟ್ಟಿಗೂ ಹೆಚ್ಚು. ಇದು ದುಂದು ಎಂಬುದೇ ಮೊದಲ ತಕರಾರು, ಅದಕ್ಕಾಗಿ ವಿಚಾರಣಾ ಸಮಿತಿ ನೇಮಕವಾಯಿತು. 1956ರ ಆಗಸ್ಟ್‌ನಲ್ಲಿ ಹನುಮಂತಯ್ಯನವರು ಅಧಿಕಾರ ಬಿಟ್ಟಿದ್ದರು. ಏಕೀಕರಣಗೊಂಡ ರಾಜ್ಯದ ವಿಧಾನಸಭೆ ಅದೇ ಡಿಸೆಂಬರ್‌ನಲ್ಲಿ ಇಲ್ಲಿ ಸೇರಿದಾಗ ಅವರು ಮುಖ್ಯಮಂತ್ರಿಯಾಗಿರಲಿಲ್ಲ. ಹಳೆಯ ಮೈಸೂರಿಗೆಂದು ಆರಂಭವಾದ ಕಟ್ಟಡ ಬೀದರಿನವರೆಗಿನ ಕನ್ನಡಿಗರ ಶಾಸನಸಭೆಯಾಯಿತು ಎಂಬುದನ್ನು ನೆನೆದಾಗಲೆಲ್ಲ, ಅಂದು ದುಂದು ಎನಿಸಿದ ವಿಸ್ತಾರವೇ ಒದಗಿಬಂತಲ್ಲ ಎನ್ನಿಸುತ್ತದೆ.

ಎರಡನೆಯ ತಕರಾರು ಶೈಲಿಯದು. ಬೆಂಗಳೂರಿನ ಕಟ್ಟಡಗಳೆಲ್ಲ ಯುರೋಪಿನವೇ ಆಗಿವೆಯಲ್ಲ, ನಿಮ್ಮದೇ ಆದ ವಾಸ್ತುಶಿಲ್ಪ ಇಲ್ಲವೇ ಎಂದು ರಷ್ಯಾದ ನಿಯೋಗವೊಂದು ಕೇಳಿದ ಮಾತು ಹನುಮಂತಯ್ಯನವರನ್ನು ಕೆಣಕಿತೆಂಬುದು ಪ್ರಸಿದ್ಧ ಸಂಗತಿ. ಎದುರಿಗೇ ನಿಂತಿರುವ, 1860ರ ದಶಕದ ಕೆಂಪು ಅಠಾರಾ ಕಚೇರಿಯನ್ನು, ಅಂದರೆ ಈಗಿನ ಉಚ್ಚ ನ್ಯಾಯಾಲಯವನ್ನು ನೋಡಿದರೆ ಆ ಪ್ರಶ್ನೆಯ ಮೊನೆ ಅರ್ಥವಾಗುತ್ತದೆ. ಆದರೆ ವಿಧಾನಸೌಧ ಏಳುತ್ತಿದ್ದ 1950ರ ದಶಕದಲ್ಲೇ ಚಂಡೀಗಢದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಬೋಳು ಕಾಂಕ್ರೀಟಿನಲ್ಲಿ ಹೊಸ ರಾಜಧಾನಿಯನ್ನು ಕಟ್ಟುತ್ತಿದ್ದರು. ಆ ಹಾದಿಯನ್ನು ಮೆಚ್ಚಿದವರಿಗೆ ವಿಧಾನಸೌಧ ದೇವಾಲಯದ ಅನುಕರಣೆಯಾಗಿ, ಹಿಂದಕ್ಕೆ ನೋಡುವ ಕಟ್ಟಡವಾಗಿ ಕಂಡಿತು. ‘ನವದ್ರಾವಿಡ’ ಎಂಬ ಹೆಸರು ಈಗ ರೂಢಿಯಾಗಿದ್ದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಂಬಗಳು, ಅವುಗಳ ತಲೆಯ ಮೇಲಿನ ಬೋದಿಗೆಗಳು ದಕ್ಷಿಣದ ದೇವಾಲಯದವು ನಿಜ. ಗುಮ್ಮಟ, ಛಜ್ಜಾ ಎಂಬ ಮುಂಚಾಚಿದ ಸೂರು, ಝರೋಕಾ ಎಂಬ ಹೊರಚಾಚಿದ ಕಿಟಕಿ ಅಲ್ಲಿಯವಲ್ಲ, ನಡುಗೆರೆಯ ಎರಡೂ ಬದಿಗೆ ಸಮನಾಗಿ ಚಾಚಿದ ಉದ್ದನೆಯ ಮುಖವಂತೂ ಯುರೋಪಿನ ಸರ್ಕಾರಿ ಕಟ್ಟಡಗಳ ಕ್ರಮ. ಹೀಗೆ ಬೆರೆಸಿ ಕಟ್ಟುವ ರೂಢಿ 1912ರಲ್ಲಿ ಮುಗಿದ ಮೈಸೂರು ಅರಮನೆಯಲ್ಲೂ ಇದೆ.

ಈ ಎರಡು ತಕರಾರುಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಬರೆಯಬೇಕೆಂದುಕೊಂಡಿದ್ದೆ. ಈ ತಿಂಗಳು ಆ ಯೋಜನೆಯನ್ನು ಕೈಬಿಟ್ಟಿದ್ದೇನೆ. ಅದಕ್ಕೆ ಕಾರಣ ಗೋಡೆಯ ಒಂದು ಕಲ್ಲು. 2025ರ ಜೂನ್‌ನಲ್ಲಿ ಸಾರ್ವಜನಿಕರಿಗಾಗಿ ಆರಂಭವಾದ ಮಾರ್ಗದರ್ಶಿ ಪ್ರವಾಸದಲ್ಲಿ ಒಂದು ಭಾನುವಾರ ಹೋಗಿದ್ದೆ. ಗುಂಪು ಮುಂದೆ ಹೋಗುವವರೆಗೆ ಗೋಡೆಗೆ ಒಂದು ಅಡಿ ದೂರದಲ್ಲಿ ನಿಂತು ನೋಡಿದಾಗ, ದೂರಕ್ಕೆ ನುಣುಪಾಗಿ ಕಾಣುವ ಬೂದು ಬಣ್ಣದ ಮೈತುಂಬ ಚಾಣದ ಸಣ್ಣ ಸಣ್ಣ ಗುರುತುಗಳಿದ್ದವು; ಅವು ಒಂದೇ ದಿಕ್ಕಿಗೆ ಓರೆಯಾಗಿ ಬಿದ್ದಿದ್ದವು, ನಡುನಡುವೆ ಅಭ್ರಕ ಬಿಸಿಲಿಗೆ ಮಿನುಗುತ್ತಿತ್ತು. ಆ ಒಂದು ಕಲ್ಲಿಗೆ ಒಬ್ಬರ ಕೈ ಎಷ್ಟು ಸಲ ಎದ್ದು ಬಿದ್ದಿರಬೇಕು! ಸುಮಾರು 5000 ಕಾರ್ಮಿಕರು, ಅವರ ಜೊತೆಗೆ ಸುಮಾರು 1500 ಮಂದಿ ಶಿಲ್ಪಿಗಳು, ಗಾರೆಯವರು, ಮರಗೆಲಸದವರು ಇಲ್ಲಿ ದುಡಿದರು. ಕಾರ್ಮಿಕರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ಕಟ್ಟಡ ದೊಡ್ಡದಾದ್ದರಿಂದ ಖರ್ಚು ಏರಿದ್ದು ಹೌದು, ಆದರೆ ಗ್ರಾನೈಟನ್ನು ಕೈಯಿಂದ ಕಡೆದು ಅಲಂಕರಿಸುವ ಶೈಲಿಯನ್ನು ಆರಿಸಿಕೊಂಡ ದಿನವೇ 33 ಲಕ್ಷದ ಮಾತು ಮುಗಿದಿತ್ತು. ಹಣದ ಜಗಳವೂ ಶೈಲಿಯ ಜಗಳವೂ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಈ ಕೈಕೆಲಸ ದುಂದೇ, ಅಲ್ಲವೇ? ನನ್ನ ಉತ್ತರ ಅಲ್ಲ ಎಂಬುದು. ನನ್ನ ಕೊರಗು ಬೇರೆಯದು. ಅಡಿಗಲ್ಲಿಟ್ಟವರ, ಕಟ್ಟಿಸಿದವರ, ನಕ್ಷೆ ಬರೆದವರ ಹೆಸರು ಎಲ್ಲರಿಗೂ ಗೊತ್ತು. ನಾನು ಈವರೆಗೆ ಓದಿದ ಪುಟಗಳಲ್ಲಿ ಒಬ್ಬ ಕಲ್ಲುಕುಟಿಗನ ಹೆಸರೂ ಸಿಕ್ಕಿಲ್ಲ.

ಹೆಸರು ಹುಡುಕಲೆಂದೇ ನಗರದ ಗ್ರಂಥಾಲಯವೊಂದರಲ್ಲಿ ಎರಡು ದಿನ ಕುಳಿತೆ. ಬೇಕಾಗಿದ್ದ ಹಳೆಯ ಸಂಪುಟದಲ್ಲಿ ನಡುವಿನ ಪುಟಗಳು ಕಿತ್ತುಹೋಗಿದ್ದವು. ಇನ್ನೊಂದು ಪ್ರತಿಗಾಗಿ ಅರ್ಜಿ ಕೊಟ್ಟು ಬಂದಿದ್ದೇನೆ.

ಚಿತ್ರದ ಕೆಲಸದಲ್ಲಿ ಈಗ ಎದುರಾಗಿರುವುದು ಮೆಟ್ಟಿಲುಗಳ ತೊಡಕು. ಒಂದು ಅಂಗುಲಕ್ಕೆ 20 ಅಡಿಯಂತೆ ಬರೆಯುತ್ತಿರುವುದರಿಂದ 700 ಅಡಿಯ ಮುಖ 35 ಅಂಗುಲ ಆಗುತ್ತದೆ, ಹಾಳೆಯಲ್ಲಿ ಹಿಡಿಸುತ್ತದೆ. ಆದರೆ ಮೆಟ್ಟಿಲುಗಳು 45. ಒಂದಕ್ಕೆ ಅರ್ಧ ಅಡಿ ಎತ್ತರ ಎಂದುಕೊಂಡರೂ ಅವೆಲ್ಲ ಒಂದು ಅಂಗುಲಕ್ಕೆ ತುಸು ಮಿಕ್ಕ ಜಾಗದಲ್ಲಿ ಕೂರಬೇಕು. ಎಷ್ಟು ಚೂಪಾದ ಪೆನ್ಸಿಲ್ ಹಿಡಿದರೂ ಗೆರೆಗಳು ಒಂದಕ್ಕೊಂದು ಅಂಟಿ ಕಪ್ಪು ಪಟ್ಟಿಯಾಗಿಬಿಡುತ್ತಿವೆ. ಎರಡು ಬಾರಿ ಅಳಿಸಿದ್ದೇನೆ. ಮೆಟ್ಟಿಲು ಮತ್ತು ಮಂಟಪವನ್ನು ಅಂಗುಲಕ್ಕೆ ಐದು ಅಡಿಯಂತೆ ಬೇರೆ ಹಾಳೆಯಲ್ಲಿ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಅಲ್ಲಿ ಕಂಬಗಳ ಬೋದಿಗೆಗೂ ಸಾಕಷ್ಟು ಜಾಗ ಸಿಗುತ್ತದೆ. ಮುಂದಿನ ತಿಂಗಳು ಹೆಸರಘಟ್ಟದ ಕಡೆ ಹೋಗಿ, ಈ ಗೋಡೆಗೆ ಕಲ್ಲು ಕೊಟ್ಟ ಬಂಡೆಗಳ ಬಣ್ಣವನ್ನು ಗೋಡೆಯ ಬಣ್ಣದೊಡನೆ ಹೋಲಿಸಿ ನೋಡಬೇಕಾಗಿದೆ.