ಡಯಾಲಿಸಿಸ್‌ಗೆ ಸರ್ಕಾರಿ ಆಸ್ಪತ್ರೆಯೋ, ಪ್ರೈವೇಟೋ?

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಮೊದಲು ಪ್ರೈವೇಟ್ ಆಸ್ಪತ್ರೆಯಲ್ಲಿದ್ದೆ, ಈಗ ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕೈಕೊಟ್ಟಿದೆ ಅಂತ ಗೊತ್ತಾದ ಕೂಡಲೇ ನೆಂಟರು, ಪರಿಚಯದವರು ಫೋನ್ ಮಾಡುತ್ತಾರೆ. "ಸರ್ಕಾರಿಯಲ್ಲಿ ಮಾಡಿಸೋದಾ, ಪ್ರೈವೇಟಲ್ಲಾ? ಸರ್ಕಾರಿ ಮಷಿನ್ ಚೆನ್ನಾಗಿರುತ್ತಾ?"

ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಿ ಅಂತ ಹೇಳುತ್ತೇನೆ. ಆದರೆ ಒಂದು ಸಲ ಹೋಗಿ ನೋಡಿಕೊಂಡು ಬನ್ನಿ ಅಂತಲೂ ಹೇಳುತ್ತೇನೆ.

ಡಯಾಲಿಸಿಸ್ ಅಂದರೆ ಕಿಡ್ನಿ ಮಾಡಬೇಕಾದ ರಕ್ತ ಶುದ್ಧಿಯನ್ನು ಮಷಿನ್‌ನಲ್ಲಿ ಮಾಡುವುದು. ಒಂದು ಆಪರೇಷನ್ ಮಾಡಿಸಿ ಮುಗಿಸುವಂಥದ್ದಲ್ಲ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಕಿಡ್ನಿ ಕಸಿ ಆಗದಿದ್ದರೆ ಜೀವನಪೂರ್ತಿ. ಪ್ರೈವೇಟಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ: ಮೊದಲು ಮೂರು ಸಲ ಬರುತ್ತಿದ್ದವರು ಎರಡಕ್ಕಿಳಿಯುತ್ತಾರೆ. ಚಿನ್ನ ಅಡವಿಟ್ಟ ಮೇಲೆ ಒಂದಕ್ಕೆ. ಆಮೇಲೆ ಮೈಯೆಲ್ಲಾ ನೀರು ತುಂಬಿಕೊಂಡು, ಉಸಿರು ಸಿಗದೆ, ರಾತ್ರಿ ಆಂಬುಲೆನ್ಸ್‌ನಲ್ಲಿ ಬರುತ್ತಾರೆ. ಅಲ್ಲಿ ಮಷಿನ್ ಖಾಲಿ ಇತ್ತು, ಅವರ ಕೈಯಲ್ಲಿ ದುಡ್ಡಿರಲಿಲ್ಲ. 2016ರಲ್ಲಿ ಕೇಂದ್ರದ ಡಯಾಲಿಸಿಸ್ ಯೋಜನೆ ಶುರುವಾಗಿ, ಬಿಪಿಎಲ್ ಕುಟುಂಬದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವಂತಾಯಿತು. ಅದು ಎಷ್ಟು ಮನೆಗಳನ್ನು ಸಾಲದಿಂದ ಉಳಿಸಿದೆ ಅಂತ ನಮ್ಮ ವಾರ್ಡಿಗೆ ಬಂದರೆ ಗೊತ್ತಾಗುತ್ತದೆ.

ಇನ್ನು ಮಷಿನ್ ವಿಷಯ. ಎರಡೂ ಕಡೆ ಅದು ಮಾಡುವ ಕೆಲಸ ಒಂದೇ. ಕೆಟ್ಟಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಪ್ರೈವೇಟಲ್ಲಿ ಮಷಿನ್ ನಿಂತರೆ ಆಸ್ಪತ್ರೆಗೆ ನಷ್ಟ, ಹಾಗಾಗಿ ಇಂಜಿನಿಯರ್ ಬೇಗ ಬರುತ್ತಾರೆ. ನಮ್ಮಲ್ಲಿ ದೂರು ಬರೆಯಬೇಕು, ಮಂಜೂರಾತಿ ಬೇಕು, ಬಿಡಿಭಾಗ ಬರಬೇಕು. ಲೆಕ್ಕ ಹಾಕಿ ನೋಡಿ. ದಿನಕ್ಕೆ ಮೂರು ಶಿಫ್ಟ್, ವಾರಕ್ಕೆ ಆರು ದಿನ ಅಂದರೆ ಒಂದು ಮಷಿನ್‌ಗೆ 18 ಸರದಿ. ಮೂರು ಸಲದಂತೆ ಆರು ಜನ. ಒಂದು ಮಷಿನ್ ಮೂಲೆಗೆ ಸೇರಿದರೆ ಆ ಆರೂ ಜನರನ್ನು ಬೇರೆಯವರ ನಡುವೆ ತೂರಿಸಬೇಕು. ಆಗ ಹಲವರಿಗೆ ಎರಡೇ ಸಲ ಆಗುತ್ತದೆ. ಹೊಸ ಮಷಿನ್ ಉದ್ಘಾಟನೆಗೆ ಬರುವವರು ಹಳೆಯದರ ರಿಪೇರಿಗೂ ಅಷ್ಟೇ ಆಸ್ಥೆ ತೋರಿಸಬೇಕು ಅಂತ ನನ್ನ ಆಸೆ.

ಜನ ಕೇಳುವುದೇ ಇಲ್ಲದ ವಿಷಯ ನೀರು. ಒಬ್ಬರಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಹಾಗಾಗಿ ಬೆಳಗ್ಗೆ ಮೊದಲ ರೋಗಿ ಮಲಗುವ ಮುಂಚೆ ನೀರು ಶುದ್ಧ ಮಾಡುವ ಆರ್‌ಓ ಪ್ಲಾಂಟ್ ಹತ್ತಿರ ಹೋಗಿ ಕ್ಲೋರಿನ್, ಗಡಸುತನ ಎರಡನ್ನೂ ಪರೀಕ್ಷಿಸಿ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ಆಸ್ಪತ್ರೆ ನೋಡಲು ಹೋದಾಗ ಆ ರಿಜಿಸ್ಟರ್ ತೋರಿಸಿ ಅಂತ ಕೇಳಿ. ಎಷ್ಟು ಮಷಿನ್ ಇವೆ ಅನ್ನುವುದಕ್ಕಿಂತ ಇವತ್ತು ಎಷ್ಟು ಓಡುತ್ತಿವೆ ಅಂತ ಕೇಳಿ. ರಕ್ತದಿಂದ ಹರಡುವ ಲಿವರ್ ಸೋಂಕು ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಮಷಿನ್ ಇದೆಯಾ, ಕರೆಂಟ್ ಹೋದರೆ ಜನರೇಟರ್ ಇದೆಯಾ, ಇದನ್ನೂ ಕೇಳಿ. ಪ್ರೈವೇಟಲ್ಲೂ ಇವೇ ಪ್ರಶ್ನೆ ಕೇಳಿ, ಸಂಕೋಚ ಬೇಡ.

ದೊಡ್ಡ ಆಸ್ಪತ್ರೆಗೆ ಹೋಗಲೇಬೇಕಾದ ಸಂದರ್ಭಗಳೂ ಇವೆ. ಐಸಿಯು ಬೇಕಾದಾಗ, ಕೈಯಲ್ಲಿ ಫಿಸ್ಟುಲಾ ಮಾಡಿಸುವಾಗ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸುವಾಗ. ಫಿಸ್ಟುಲಾ ಬಲಿಯಲು ವಾರಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಡಾಕ್ಟರ್ ಹೇಳಿದ ತಕ್ಷಣ ಮಾಡಿಸಿಬಿಡಿ. ಆಮೇಲೆ ಆ ಕೈಗೆ ಬಿಪಿ ನೋಡಲು, ಡಯಾಲಿಸಿಸ್ ಬಿಟ್ಟು ಬೇರೆ ಯಾವುದಕ್ಕೂ ಸೂಜಿ ಚುಚ್ಚಲು ಯಾರಿಗೂ ಬಿಡಬೇಡಿ.